ಪಾಠದ ಭೂಮಿ, ಕಥೆಯ ಭೂಮಿ

ದೀಪಾವಳಿಗೆ ಮುಂಚೆ ಅಟ್ಟವನ್ನು ಗುಡಿಸುತ್ತಿದ್ದಾಗ, ಅಣ್ಣನ ಮಗ ಓದಿ ಬಿಟ್ಟಿದ್ದ ಒಂದು ಇಂಗ್ಲಿಷ್ ಪಠ್ಯಪುಸ್ತಕ ಕೈಗೆ ಸಿಕ್ಕಿತು. ಹನ್ನೊಂದನೆಯ ತರಗತಿಗೆಂದು ಎನ್.ಸಿ.ಇ.ಆರ್.ಟಿ.ಯವರು 2006ರಲ್ಲಿ ಹೊರತಂದ ‘ಹಾರ್ನ್‌ಬಿಲ್’ ಎಂಬ ಪುಸ್ತಕ ಅದು. ಕನ್ನಡ ಮೇಷ್ಟರಿಗೆ ಇಂಗ್ಲಿಷ್ ಪಠ್ಯದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಅಟ್ಟದ ಧೂಳಿನಲ್ಲಿ ಕುಳಿತು ಪುಟ ತಿರುವಿದವನು ಮಧ್ಯಾಹ್ನದ ಊಟದ ಹೊತ್ತಿನವರೆಗೂ ಕೆಳಗೆ ಇಳಿಯಲಿಲ್ಲವೆಂದರೆ ಕಾರಣ ಇದ್ದೇ ಇರಬೇಕಲ್ಲ.

ಆ ಪುಸ್ತಕದಲ್ಲಿ ಕೆಲವೇ ಪುಟಗಳ ಅಂತರದಲ್ಲಿ ಎರಡು ಪಾಠಗಳಿವೆ. ಒಂದು, ನ್ಯಾಯವೇತ್ತ ನಾನಿ ಪಾಲ್ಖಿವಾಲಾ 1994ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನ. ನಮ್ಮ ಗ್ರಹ ರೋಗಿಯಾಗಿದೆ, ಅದರ ನಾಡಿ ಇಳಿಯುತ್ತಿದೆ ಎಂಬುದು ಅದರ ಸಾರ. ಇನ್ನೊಂದು, ಖಗೋಳವಿಜ್ಞಾನಿ ಜಯಂತ ನಾರಳೀಕರರು ಮರಾಠಿಯಲ್ಲಿ ಬರೆದ ಪಾಣಿಪತ್ತಿನ ಕಥೆಯ ಇಂಗ್ಲಿಷ್ ರೂಪ. ನಮ್ಮ ಲೋಕದ ಪಕ್ಕದಲ್ಲಿಯೇ ಇರುವ, ಆದರೆ ಬೇರೆ ದಾರಿ ಹಿಡಿದ ಇನ್ನೊಂದು ಲೋಕಕ್ಕೆ ಒಬ್ಬ ಇತಿಹಾಸದ ಪ್ರಾಧ್ಯಾಪಕ ಹೋಗಿ ಬಂದ ವೃತ್ತಾಂತ. ಒಂದು ಈ ಭೂಮಿಯ ಅಳಲು, ಮತ್ತೊಂದು ಆ ಭೂಮಿಯ ಬೆರಗು. ಎರಡನ್ನೂ ಒಂದೇ ರಟ್ಟಿನೊಳಗೆ ಹೊಲಿದಿದ್ದಾರೆ. ಆದರೆ ಎರಡನ್ನೂ ಕೂಡಿಸಿ ಓದಬೇಕೆಂದು ಯಾವ ಮೇಷ್ಟರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಾಗೆ ಓದದಿರುವುದರಿಂದ ಆಗುತ್ತಿರುವ ನಷ್ಟ ಸಣ್ಣದಲ್ಲವೆಂಬುದೇ ಈ ಲೇಖನದ ವಾದ.

ನಷ್ಟದ ಮಾತು ಸುಮ್ಮನೆ ಆಡಿದ್ದಲ್ಲ. ಒಮ್ಮೆ ತರಗತಿಯಲ್ಲಿ ಋತುವರ್ಣನೆಯ ಪಾಠ ನಡೆದಿತ್ತು. ಈಗ ಕವಿಗಳ ಲೆಕ್ಕಕ್ಕೆ ಸರಿಯಾಗಿ ಮಳೆಗಾಲ ಬರುವುದಿಲ್ಲ ಎಂದು ನಾನು ಹೇಳಿದಾಗ, ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಇದು ಕೆಟ್ಟರೇನಂತೆ ಸಾರ್, ಇನ್ನೊಂದು ಭೂಮಿ ಸಿಕ್ಕಿದೆಯಂತಲ್ಲ” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಸಂಜೆ ಮನೆಗೆ ಬರುವಾಗ ಮಾತ್ರ ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು. ಹುಡುಗನ ತಪ್ಪೇನೂ ಇರಲಿಲ್ಲ. 2015ರಲ್ಲಿ ಕೆಪ್ಲರ್-452ಬಿ ಎಂಬ ಗ್ರಹದ ಸುದ್ದಿ ಬಂದಾಗ ಪತ್ರಿಕೆಗಳು ಅದನ್ನು ‘ಎರಡನೆಯ ಭೂಮಿ’ ಎಂದೇ ಕರೆದಿದ್ದವು. ಅದರ ವರ್ಷಕ್ಕೆ 385 ದಿನ. ನಮ್ಮ ಸೂರ್ಯನಂಥದೇ ಒಂದು ನಕ್ಷತ್ರವನ್ನು ಸುತ್ತುತ್ತದೆ. ಇಷ್ಟನ್ನು ಹುಡುಗ ಓದಿಕೊಂಡಿದ್ದ. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ಸಾವಿರ ವರ್ಷಕ್ಕೂ ಮಿಕ್ಕಿ ಬೇಕು, ಇಂದು ನಮ್ಮ ದೂರದರ್ಶಕಕ್ಕೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಪಂಪ ಇನ್ನೂ ಹುಟ್ಟಿರಲಿಲ್ಲ ಎಂಬುದು ಅವನ ಮನಸ್ಸಿಗೆ ಇಳಿದಿರಲಿಲ್ಲ. ಅಂಕಿ ಗೊತ್ತಿತ್ತು, ಅಂಕಿಯ ಅರ್ಥ ಗೊತ್ತಿರಲಿಲ್ಲ.

ನಮ್ಮ ವಿಜ್ಞಾನ ಶಿಕ್ಷಣದಲ್ಲಿ ಭೂಮಿಯ ಪಾಡು ಹೆಚ್ಚು ಕಡಮೆ ಇದೇ. ಭೂಮಿ ಸೂರ್ಯನಿಂದ ಮೂರನೆಯ ಗ್ರಹ. ದೂರ ಸುಮಾರು 15 ಕೋಟಿ ಕಿಲೋಮೀಟರು. ಅಕ್ಷದ ಓರೆ 23.5 ಡಿಗ್ರಿ, ವಯಸ್ಸು ಸುಮಾರು 454 ಕೋಟಿ ವರ್ಷ. ಎರಡು ಅಂಕದ ಪ್ರಶ್ನೆಗೆ ಎರಡು ಸಾಲಿನ ಉತ್ತರ. ಇವೆಲ್ಲ ಸತ್ಯ, ಸತ್ಯವೆಂಬ ಕಾರಣದಿಂದಲೇ ಅದರ ಮುಂದೆ ಮಗುವಿನ ಬಾಯಿ ಕಟ್ಟಿಹೋಗುತ್ತದೆ. ಭೂಮಿ ಹೀಗಿದೆ ಎಂದು ಪಾಠ ಹೇಳುತ್ತದೆ. ಹೀಗೆಯೇ ಇರಬೇಕಾದದ್ದೇನೂ ಇರಲಿಲ್ಲ, ಬೇರೆಯಾಗಿಯೂ ಇರಬಹುದಾಗಿತ್ತು ಎಂಬುದನ್ನು ಹೇಳುವುದಿಲ್ಲ. ತಪ್ಪಿ ಹೋಗಬಹುದಾಗಿದ್ದ ವಸ್ತುವಿನ ಬೆಲೆ ತಪ್ಪದೆ ಸಿಕ್ಕ ವಸ್ತುವಿಗೆ ಬರುವುದಿಲ್ಲವಷ್ಟೆ.

ಕನ್ನಡದಲ್ಲಿ ಈ ಕೊರತೆಯನ್ನು ಅರಿತವರು ಇರಲಿಲ್ಲವೆಂದಲ್ಲ. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲ ಪ್ರಪಂಚ’ವನ್ನು ಕಟ್ಟಿಕೊಟ್ಟರು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಏಕಾಂಗಿಯಾಗಿ ಬರೆದರು. ಆರ್. ಎಲ್. ನರಸಿಂಹಯ್ಯನವರು ತಮ್ಮ ಪುಸ್ತಕಕ್ಕೆ ‘ಜಗತ್ತುಗಳ ಹುಟ್ಟು ಸಾವು’ ಎಂದು ಹೆಸರಿಟ್ಟರು. ಹುಟ್ಟು ಸಾವು ಎಂಬ ಮಾತನ್ನು ಗಮನಿಸಬೇಕು. ಹುಟ್ಟು ಸಾವುಗಳುಳ್ಳದ್ದಕ್ಕೆ ಚರಿತ್ರೆ ಉಂಟು. ಚರಿತ್ರೆ ಇರುವಲ್ಲಿ ಆಕಸ್ಮಿಕಕ್ಕೂ ಎಡೆಯುಂಟು. ಈ ಹಿರಿಯರು ತೆರೆದ ದಾರಿಯನ್ನು ಪರೀಕ್ಷೆಯ ಭೂಗೋಳ ಮತ್ತೆ ಮುಚ್ಚಿತು.

ಭೂಮಿಯ ಮೇಲೆ ನಿಂತವನಿಗೆ ಭೂಮಿ ಕಾಣುವುದಿಲ್ಲವೆಂಬುದು ಶಿಕ್ಷಣದ ಹಳೆಯ ತೊಡಕು. ಅದಕ್ಕೆ ಕಥೆಯೇ ಮದ್ದು ಎಂದು ಮೊದಲು ಕಂಡುಕೊಂಡವರಲ್ಲಿ ಒಬ್ಬ ಕವಿಯಲ್ಲ, ಗಣಿತಜ್ಞ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಯೊಹಾನೆಸ್ ಕೆಪ್ಲರನೇ ಅವನು. ಮೇಲೆ ಹೇಳಿದ ಗ್ರಹಕ್ಕೆ ಅವನ ಹೆಸರು ಬಂದದ್ದು ಅದನ್ನು ಕಂಡ ದೂರದರ್ಶಕದ ಮೂಲಕ. 1593ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಚಂದ್ರನ ಮೇಲೆ ನಿಂತವನಿಗೆ ಆಕಾಶ ಹೇಗೆ ಕಂಡೀತು ಎಂಬ ಪ್ರಶ್ನೆಯನ್ನು ಅವನು ಎತ್ತಿಕೊಂಡ. ಆ ಬೀಜ ಮುಂದೆ ‘ಸೋಮ್ನಿಯಂ’ ಎಂಬ ಕನಸಿನ ಕಥೆಯಾಗಿ ಬೆಳೆಯಿತು. ಅವನು ಕಣ್ಣು ಮುಚ್ಚಿದ್ದು 1630ರಲ್ಲಿ. ಪುಸ್ತಕವನ್ನು ಅವನ ಮಗ ಹೊರತಂದದ್ದು 1634ರಲ್ಲಿ. ಆ ಕಥೆಯಲ್ಲಿ ಚಂದ್ರಲೋಕದವರು ನಮ್ಮ ಭೂಮಿಯನ್ನು ‘ವೋಲ್ವ’ ಎನ್ನುತ್ತಾರೆ. ತಿರುಗುವಂಥದು ಎಂದು ಅದರ ಅರ್ಥ. ಚಂದ್ರನ ಒಂದು ಮಗ್ಗುಲಿನವರಿಗೆ ವೋಲ್ವ ಆಕಾಶದಲ್ಲಿ ನೆಟ್ಟಂತೆ ನಿಂತು, ಬೆಳೆಯುತ್ತ ಕರಗುತ್ತ ಇರುತ್ತದೆ. ಇನ್ನೊಂದು ಮಗ್ಗುಲಿನವರಿಗೆ ಅದರ ದರ್ಶನವೇ ಇಲ್ಲ. ತಾವು ನಿಂತ ನೆಲ ಅಚಲ, ತಿರುಗುವುದೆಲ್ಲ ವೋಲ್ವವೇ ಎಂದು ಅವರ ನಂಬಿಕೆ.

ಭೂಮಿ ತಿರುಗುತ್ತದೆಂದು ವಾದಿಸಿ ಗೆಲ್ಲುವುದು ಅಂದು ಕಷ್ಟವಿತ್ತು. ಕೆಪ್ಲರ್ ವಾದಿಸಲಿಲ್ಲ, ಓದುಗನನ್ನು ಎತ್ತಿ ಚಂದ್ರನ ಮೇಲೆ ಕೂರಿಸಿದ. ಅಲ್ಲಿಯವರ ಮೌಢ್ಯಕ್ಕೆ ನಕ್ಕ ಓದುಗ, ನಗು ಮುಗಿಯುವ ಮೊದಲೇ ತನ್ನದೂ ಅದೇ ಮೌಢ್ಯವೆಂದು ಕಂಡುಕೊಳ್ಳುತ್ತಾನೆ. ಕಥೆಗೆ ಇನ್ನೂರಕ್ಕೂ ಹೆಚ್ಚು ಟಿಪ್ಪಣಿಗಳನ್ನು ಬರೆದ ಕೆಪ್ಲರನಿಗೆ ತಾನು ಪಾಠ ಹೇಳುತ್ತಿದ್ದೇನೆಂಬುದು ಚೆನ್ನಾಗಿ ಗೊತ್ತಿತ್ತು. ಅವನ ಕಲ್ಪನೆ ಕಣ್ಣಿಗೆ ಬಿದ್ದದ್ದು 1968ರ ಡಿಸೆಂಬರಿನಲ್ಲಿ, ಅಪೋಲೊ-8ರ ಯಾತ್ರಿಕರು ಚಂದ್ರನ ಅಂಚಿನಾಚೆ ಉದಯಿಸುವ ನೀಲಿ ಭೂಮಿಯ ಚಿತ್ರ ತೆಗೆದಾಗ. ಆ ಚಿತ್ರ ಇಂದು ಎಲ್ಲೆಲ್ಲೂ ಉಂಟು. ಅದನ್ನು ನೋಡುವ ಕಣ್ಣನ್ನು ಕೊಡಬಲ್ಲ ಕಥೆ ಮಾತ್ರ ಪಾಠಗಳಲ್ಲಿ ವಿರಳ.

ಇಲ್ಲಿ ನಮ್ಮ ಪರಂಪರೆಯನ್ನು ನೆನೆಯದೆ ಮುಂದೆ ಹೋಗಲಾಗದು. ಯೋಗವಾಸಿಷ್ಠದ ಲೀಲೋಪಾಖ್ಯಾನ ಬಲ್ಲವರಿಗೆ ಲೋಕದೊಳಗಣ ಲೋಕ ಹೊಸತಲ್ಲ. ಸತ್ತ ಪತಿಯನ್ನು ಅರಸುವ ಲೀಲೆಗೆ ಸರಸ್ವತಿ ತೋರಿಸುವುದು ಏನನ್ನು? ಪತಿ ಬೇರೊಂದು ಲೋಕದಲ್ಲಿ ಬೇರೆಯ ಹೆಸರಿನ ಅರಸನಾಗಿ ಆಳುತ್ತಿದ್ದಾನೆ. ಆಕೆ ನಿಜವೆಂದು ನಂಬಿದ ರಾಜ್ಯವೆಲ್ಲ ಒಬ್ಬ ಬಡ ಬ್ರಾಹ್ಮಣನ ಮನೆಯ ಮೂಲೆಯಲ್ಲಿ ಅಡಗಿದೆ. ಆ ಬ್ರಾಹ್ಮಣ ಸತ್ತು ಎಂಟು ದಿನವಷ್ಟೇ ಆಗಿದೆ. ಪಾಶ್ಚಾತ್ಯರು ಇಂದು ಹೇಳುವುದನ್ನು ನಾವು ಅಂದೇ ಹೇಳಿದ್ದೆವು ಎಂದು ಬೀಗಲು ಈ ಮಾತನ್ನು ಎತ್ತಿದ್ದಲ್ಲ. ಆ ಚಪಲ ವಿಮರ್ಶೆಗೆ ಒಪ್ಪುವಂಥದಲ್ಲ. ಎರಡರ ನಡುವಣ ಭೇದವೇ ನಮಗೆ ಮುಖ್ಯ. ಲೀಲೆಯ ಕಥೆ ಎರಡನೆಯ ಲೋಕವನ್ನು ತೋರಿಸುವುದು ಮೊದಲನೆಯದೂ ಮಿಥ್ಯೆಯೆಂದು ಅರಿವಾಗಲೆಂದು. ಇಂದಿನ ಪಕ್ಕದ ಲೋಕದ ಒಳ್ಳೆಯ ಕಥೆ ಎರಡನೆಯದನ್ನು ತೋರಿಸುವುದು ಮೊದಲನೆಯದು ಸತ್ಯವೆಂದು, ಎಷ್ಟೋ ಆಕಸ್ಮಿಕಗಳನ್ನು ದಾಟಿ ನಮ್ಮ ಕೈಗೆ ಬಂದ ಸತ್ಯವೆಂದು ಅರಿವಾಗಲೆಂದು. ಅಲ್ಲಿ ವೈರಾಗ್ಯ ಫಲ. ಇಲ್ಲಿ ಹೊಣೆ ಫಲ.

ಈ ಒರೆಗಲ್ಲಿಗೆ ನಾರಳೀಕರರ ಕಥೆಯನ್ನು ತಿಕ್ಕಿ ನೋಡೋಣ. 1761ರ ಜನವರಿ 14ರಂದು ಪಾಣಿಪತ್ತಿನ ರಣದಲ್ಲಿ ಗುಂಡು ತಗಲಿ ವಿಶ್ವಾಸರಾಯ ಬಿದ್ದ, ಮರಾಠರ ಧೈರ್ಯ ಕುಸಿಯಿತು. ಇದು ನಮ್ಮ ಇತಿಹಾಸ. ಆ ಗುಂಡು ಕಿವಿಯ ಪಕ್ಕದಲ್ಲಿ ಹಾದುಹೋಗಿದ್ದರೆ? ಕಥೆಯ ಗಂಗಾಧರಪಂತರು ಅಂಥ ಲೋಕವನ್ನು ಹೊಗುತ್ತಾರೆ. ಅಲ್ಲಿ ಮರಾಠರು ಗೆದ್ದಿದ್ದಾರೆ, ದೇಶ ಪರಾಧೀನವಾಗಿಲ್ಲ, ಕಂಪನಿ ಸರಕಾರ ಮುಂಬಯಿಯ ಸುತ್ತಿನಲ್ಲಿ ಮಾತ್ರ ಉಳಿದಿದೆ. ಪುಣೆಯಿಂದ ಹೊರಟ ರೈಲು ಸುರಂಗ ದಾಟಿದೊಡನೆ ‘ಸರಹದ್’ ಎಂಬ ನಿಲ್ದಾಣದಲ್ಲಿ ಪ್ರಯಾಣಿಕರ ರಹದಾರಿಯ ತಪಾಸಣೆ. ಇಂಥ ಸಣ್ಣ ವಿವರಗಳಲ್ಲಿ ನಾರಳೀಕರರ ಕೈ ಪಳಗಿದ್ದು. ಲೋಕವೊಂದು ಬದಲಾದದ್ದನ್ನು ಅವರು ಡಂಗುರ ಸಾರುವುದಿಲ್ಲ, ಒಂದು ನಿಲ್ದಾಣದ ಹೆಸರಿನಿಂದ ತಿಳಿಸುತ್ತಾರೆ. ಕೊನೆಗೆ ಪಂತರ ಜೇಬಿನಲ್ಲಿ ಉಳಿಯುವ ಹರಿದ ಪುಟವಂತೂ ಕಥೆಗಾರನ ಪ್ರತಿಭೆಗೆ ಸಾಕ್ಷಿ.

ಕಥೆಯ ಕೊನೆಯ ಭಾಗದಲ್ಲಿ ಸ್ನೇಹಿತ ರಾಜೇಂದ್ರ ಎಲೆಕ್ಟ್ರಾನಿನ ಅನಿಶ್ಚಿತ ನಡೆಯನ್ನು ವಿವರಿಸತೊಡಗಿದಾಗ ಕಥೆ ಸೊರಗುತ್ತದೆಂಬುದನ್ನು ಒಪ್ಪಬೇಕು. ಪಾತ್ರ ಹೋಗಿ ಪಾಠ ಬರುತ್ತದೆ. ಸಾಧ್ಯವಿರುವ ಎಲ್ಲ ಫಲಿತಗಳೂ ಬೇರೆ ಬೇರೆ ಕವಲುಗಳಲ್ಲಿ ನಿಜವೇ ಎಂಬ ವಿಚಾರವನ್ನು 1957ರಲ್ಲಿ ಹ್ಯೂ ಎವರೆಟ್ ಮಂಡಿಸಿದ. ಅದನ್ನು ಕಥೆಯ ರಕ್ತದಲ್ಲಿ ಬೆರೆಸುವುದು ಸುಲಭವಲ್ಲ. ಆದರೂ ಆ ಸಂಭಾಷಣೆ ಹುಸಿಯಾಗಿ ತೋರುವುದಿಲ್ಲ. ವಿಜ್ಞಾನದಲ್ಲಿಯೂ ‘ಹಾಗಲ್ಲದೆ ಹೀಗಿದ್ದರೆ?’ ಎಂದು ಕೇಳಿದವರು ನಾರಳೀಕರರು. ಲೋಕವೆಲ್ಲ ಮಹಾಸ್ಫೋಟದ ಸಿದ್ಧಾಂತವನ್ನು ಒಪ್ಪಿದಾಗಲೂ ಗುರು ಫ್ರೆಡ್ ಹಾಯ್ಲ್‌ರೊಡನೆ ಬೇರೆಯ ವಿಶ್ವಚಿತ್ರವನ್ನು ಎತ್ತಿ ಹಿಡಿದವರು. 2025ರ ಮೇ 20ರಂದು ತೀರಿಕೊಳ್ಳುವವರೆಗೂ ಪ್ರಶ್ನೆಯನ್ನು ಬಿಡದವರು.

ನನ್ನ ತಕರಾರು ಬೇರೆಯದು. ಜಿಜಾಮಾತಾ ಎಕ್ಸ್‌ಪ್ರೆಸ್ಸು ಪುಣೆಯನ್ನು ಬಿಟ್ಟಾಗ ಹೊರವಲಯದ ಕಾರ್ಖಾನೆಯ ಊರುಗಳು ಕಾಣುವುದಿಲ್ಲ. ಸರಿ. ಆದರೆ ಲೋಣಾವಳದ ಮುಂದಿನ ಘಟ್ಟದ ದಾರಿಯಲ್ಲಿ ಪಂತರಿಗೆ ಯಾವ ವ್ಯತ್ಯಾಸವೂ ತೋರುವುದಿಲ್ಲವಂತೆ. ಒಂದೇ ವಾಕ್ಯದಲ್ಲಿ ಕಥೆಗಾರರು ಘಟ್ಟವನ್ನು ದಾಟಿಬಿಡುತ್ತಾರೆ. ಅಟ್ಟದಲ್ಲಿ ಕುಳಿತ ನನ್ನನ್ನು ಕಟ್ಟಿ ನಿಲ್ಲಿಸಿದ್ದು ಈ ವಾಕ್ಯವೇ.

ಅದು ಅರ್ಧ ಸತ್ಯ, ಅರ್ಧ ಪ್ರಮಾದ. ಘಟ್ಟದ ಬಂಡೆ 1761ನ್ನು ಬಲ್ಲದೆ? ಅದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಪೇಶ್ವೆ ಗೆದ್ದರೂ ಅಬ್ದಾಲಿ ಗೆದ್ದರೂ ಅದಕ್ಕೆ ಒಂದೇ. ಇಲ್ಲಿಯವರೆಗೆ ಕಥೆಗಾರರ ಮಾತು ಸರಿ. ಆದರೆ ಬಂಡೆಯ ಮೇಲಿನ ಕಾಡು? ನಮ್ಮ ಲೋಕದಲ್ಲಿ 1853ರಲ್ಲಿ ಮುಂಬಯಿ–ಠಾಣೆಯ ನಡುವೆ ರೈಲು ಓಡಿತು, 1863ರಲ್ಲಿ ಬೋರಘಾಟ್ ಹತ್ತಿತು. ಹಳಿಯ ಕೆಳಗೆ ಹಾಸುವ ದಿಮ್ಮಿಗಳಿಗಾಗಿ ತೇಗ, ಸಾಲ, ದೇವದಾರುಗಳು ಉರುಳಿದವು. ಮರ ಸಾಲದೆಂದು ಹೆದರಿದ ಆಳರಸರು 1864ರಲ್ಲಿ ಅರಣ್ಯ ಇಲಾಖೆಯನ್ನು ತೆರೆದು, 1865ರಲ್ಲಿ ಅರಣ್ಯದ ಕಾಯಿದೆಯನ್ನು ಮಾಡಿದರು. ಯಾರು ಆಳಿದರು ಎಂಬುದರ ಗುರುತು ಕೋಟೆಯ ಬಾವುಟದ ಮೇಲೆ ಮಾತ್ರವಲ್ಲ, ಗುಡ್ಡದ ಮೈಮೇಲೆಯೂ ಬಿದ್ದಿದೆ. ಗುಂಡು ಗುರಿ ತಪ್ಪಿದ ಲೋಕದಲ್ಲಿ ಘಟ್ಟದ ಕಾಡು ಬೇರೆಯೇ ಆಗಿರಬೇಕಿತ್ತು: ಹೆಚ್ಚು ದಟ್ಟವೋ, ಹೆಚ್ಚು ಬೋಳೋ, ಅದನ್ನು ಊಹಿಸುವುದು ಕಥೆಗಾರನ ಹಕ್ಕು. ಊಹಿಸದೆ ದಾಟಿದ್ದು ಮಾತ್ರ ಔಚಿತ್ಯಕ್ಕೆ ಬಂದ ಕೊರತೆ. ಮನುಷ್ಯರ ಇತಿಹಾಸ ಬದಲಾಗಿದೆ. ಭೂಮಿ ನಾಟಕದ ಪರದೆಯಂತೆ ಹಿಂದೆ ತೂಗಿದೆ.

ಪರದೆಯನ್ನೇ ಬದಲಿಸಹೊರಟ ಕಥೆ ಇಲ್ಲವೆ? ಉಂಟು. ಅಮೆರಿಕದ ಹ್ಯಾರಿ ಹ್ಯಾರಿಸನ್ 1984ರಲ್ಲಿ ‘ವೆಸ್ಟ್ ಆಫ್ ಈಡನ್’ ಎಂಬ ಕಾದಂಬರಿ ಬರೆದ. ಆಕಾಶದಿಂದ ಬಿದ್ದ ಬೃಹತ್ತಾದ ಬಂಡೆಯೊಂದು ಡೈನೋಸಾರುಗಳ ವಂಶಕ್ಕೆ ಕೊಳ್ಳಿಯಿಟ್ಟಿತೆಂಬ ವಾದವನ್ನು ಆಲ್ವಾರೆಜ್ ತಂದೆ ಮಗ ಮತ್ತು ಅವರ ಸಂಗಡಿಗರು 1980ರಲ್ಲಷ್ಟೇ ಮಂಡಿಸಿದ್ದರು. ಆ ಬಂಡೆ ಬೀಳದೆಯೇ ಹೋಗಿದ್ದರೆ ಎಂದು ಹ್ಯಾರಿಸನ್ ಕೇಳಿದ. ಅವನ ಭೂಮಿಯನ್ನು ಆಳುವವರು ಸರೀಸೃಪ ಕುಲದ ಬುದ್ಧಿವಂತರು. ಅವರಿಗೊಂದು ಭಾಷೆ, ಅವರಿಗೊಂದು ಜೀವಶಾಸ್ತ್ರದ ಕೌಶಲ. ಹಿಮಯುಗ ಹತ್ತಿರವಾಗಿ ಚಳಿ ಏರತೊಡಗಿದಾಗ ಅವರು ಹೊಸ ನೆಲ ಹುಡುಕಿ ಹೊರಡುತ್ತಾರೆ. ಇಲ್ಲಿ ಭೂಮಿ ಪರದೆಯಲ್ಲ, ಪಾತ್ರ. ಹವೆ ಬದಲಾದರೆ ನಾಗರಿಕತೆ ಕದಲುತ್ತದೆಂಬ ಮಾತನ್ನು ಪಾಠಕ್ಕಿಂತ ಚೆನ್ನಾಗಿ ಈ ಕಥೆ ಹೇಳುತ್ತದೆ.

ಆದರೆ ಹ್ಯಾರಿಸನ್ನನಿಗೂ ಒಂದು ಘಟ್ಟದಲ್ಲಿ ಧೈರ್ಯ ಸಾಲಲಿಲ್ಲ. ಆ ಭೂಮಿಯಲ್ಲಿಯೂ ಮನುಷ್ಯನನ್ನು ತಂದು ನಿಲ್ಲಿಸಿದ. ನಮ್ಮಂತೆಯೇ ಕಾಣುವ, ನಮ್ಮಂತೆಯೇ ನೋಯುವ ಮನುಷ್ಯನನ್ನು. ಬಂಡೆ ಬೀಳದಿದ್ದರೆ ಸ್ತನಿಗಳಿಗೆ ಭೂಮಿ ತೆರವಾಗುತ್ತಿರಲಿಲ್ಲ. ತೆರವಾಗದಿದ್ದರೆ ನಾವು ಹುಟ್ಟುವ ಸಂಭವವೇ ಬಹಳ ಕಡಮೆ. ನಾವಿಲ್ಲದ ಭೂಮಿಯನ್ನು ನೆನೆಯುವುದೇ ಆ ವಸ್ತು ಬೇಡುವ ತಪಸ್ಸು. ಆ ತಪಸ್ಸನ್ನು ಕೆಡಿಸಿ ಹ್ಯಾರಿಸನ್ ನಮಗೆ ಕಾಳಗದ ಕಥೆಯನ್ನು ಕೊಟ್ಟ. ಕಾಳಗ ಸೊಗಸಾಗಿದೆ, ಬೆರಗು ಬಡವಾಗಿದೆ.

ಇದೆಲ್ಲ ದೂರದ ಮಾತೆಂದು ತಳ್ಳುವಂತಿಲ್ಲ. ಘಟ್ಟದ ಆ ಲಾವಾ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳವರೆಗೂ ಹರಡಿದೆ. ಅದು ಹರಿದದ್ದೂ ಆ ಬಂಡೆ ಬಿದ್ದದ್ದೂ ಹೆಚ್ಚು ಕಡಮೆ ಒಂದೇ ಕಾಲ; ಡೈನೋಸಾರುಗಳ ಅಳಿವಿನಲ್ಲಿ ಯಾವುದರ ಪಾಲು ಎಷ್ಟೆಂದು ವಿಜ್ಞಾನಿಗಳಲ್ಲಿ ಚರ್ಚೆ ನಡೆದೇ ಇದೆ. ಆ ಲಾವಾ ಸವೆದು ಆದದ್ದು ಅಲ್ಲಿಯ ಎರೆಮಣ್ಣು. ಅದರಲ್ಲಿ ಬೆಳೆದದ್ದು ಜೋಳ. ಅದರ ಕಪ್ಪು ಕಲ್ಲಿನಿಂದ ಎದ್ದದ್ದು ಗೋಳಗುಮ್ಮಟ. ವಿಜಯಪುರದ ಹುಡುಗಿಯೊಬ್ಬಳು ತಾನು ತಿನ್ನುವ ರೊಟ್ಟಿಗೂ ಡೈನೋಸಾರುಗಳ ಸಾವಿಗೂ ಒಂದೇ ಕಾಲದ ನಂಟಿದೆಯೆಂದು ತಿಳಿದರೆ, ಭೂಮಿಯ ವಯಸ್ಸು ಅವಳಿಗೆ ಎರಡು ಅಂಕದ ಉತ್ತರವಾಗಿ ಉಳಿದೀತೆ? ‘ಹಾಗಾಗದಿದ್ದರೆ?’ ಎಂಬ ಒಂದು ಪ್ರಶ್ನೆ ಸಾಕು. ಕಾಲ ಕೆಳಗಿನ ಮಣ್ಣು ಕಥೆ ಹೇಳತೊಡಗುತ್ತದೆ.

ಕನ್ನಡದಲ್ಲಿ ಪಕ್ಕದ ಲೋಕದ ಕಥೆಗಳ ಬೆಳೆ ಹುಲುಸಾಗಿಲ್ಲ. ಆದರೆ ಆ ಕಥೆ ಮಾಡಬೇಕಾದ ಕೆಲಸವನ್ನು ಬೇರೆ ದಾರಿಯಿಂದ ಮಾಡಿದ ಕೃತಿಯೊಂದು ನಮ್ಮಲ್ಲಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಅಲ್ಲಿ ಯಾರೂ ಬೇರೆ ಲೋಕಕ್ಕೆ ಹಾರುವುದಿಲ್ಲ. ಹಾರುವುದು ಒಂದು ಓತಿ ಮಾತ್ರ. ಅದನ್ನು ಅರಸುತ್ತ ಒಬ್ಬ ವಿಜ್ಞಾನಿ, ಜೇನಿನ ಹುಚ್ಚಿನ ಮಂದಣ್ಣ ಮತ್ತು ಅವರ ಜೊತೆಗಾರರು ಮಲೆನಾಡಿನ ಕಾಡನ್ನು ಹೊಕ್ಕಾಗ, ನಿನ್ನೆ ಮೊನ್ನೆ ಕಂಡಿದ್ದ ಕಾಡು ಕೋಟಿ ವರ್ಷಗಳ ಆಳಕ್ಕೆ ಬಾಯಿ ತೆರೆಯುತ್ತದೆ. ಕೊನೆಗೆ ಓತಿ ಯಾರ ಕೈಗೂ ಸಿಕ್ಕದೆ ಕಣಿವೆಯತ್ತ ತೇಲಿ ಹೋಗುತ್ತದೆ. ಓದುಗನಿಗೆ ಆಗುವುದು ನಿರಾಶೆಯಲ್ಲ. ಇಷ್ಟು ಹತ್ತಿರದ ಭೂಮಿಯನ್ನು ಇಷ್ಟು ಕಾಲ ನಾನು ನೋಡಿಯೇ ಇರಲಿಲ್ಲವಲ್ಲ ಎಂಬ ನಾಚಿಕೆ ಬೆರೆತ ಹರ್ಷ. ತೇಜಸ್ವಿಯವರಿಗೆ ಎರಡನೆಯ ಭೂಮಿ ಬೇಕಾಗಲಿಲ್ಲ. ಮೊದಲನೆಯದರಲ್ಲಿಯೇ ಅದನ್ನು ಕಂಡರು.

ಈಗ ಆ ಎರಡು ಪಾಠಗಳಿಗೆ ಮರಳೋಣ. ಪಾಲ್ಖಿವಾಲಾರ ಲೇಖನದಲ್ಲಿ ಕೊಪರ್ನಿಕಸನ ಹೆಸರು ಬರುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತದೆಂದು ತಿಳಿದದ್ದು ಎಂಥ ಪಲ್ಲಟವೋ, ಭೂಮಿಯನ್ನು ಒಂದು ಜೀವಂತ ಶರೀರವೆಂದು ಕಾಣುವುದೂ ಅಂಥದೇ ಪಲ್ಲಟವೆಂದು ಅವರ ಅಭಿಪ್ರಾಯ. ಮೀನು, ಕಾಡು, ಹುಲ್ಲುಗಾವಲು, ಬೆಳೆಯ ನೆಲ ಎಂಬ ನಾಲ್ಕು ಆಧಾರಗಳು ಕುಸಿಯುತ್ತಿರುವುದನ್ನು ಅವರು ವಕೀಲರ ಕ್ರಮದಲ್ಲಿ ಒಂದೊಂದಾಗಿ ಮುಂದಿಡುತ್ತಾರೆ. ವಾದ ಬಲವಾಗಿದೆ. ಆದರೆ ಹದಿನಾರರ ವಯಸ್ಸಿಗೆ ವಾದ ತಟ್ಟುವುದಿಲ್ಲ; ಕಥೆ ತಟ್ಟುತ್ತದೆ. ನಾರಳೀಕರರ ಕಥೆಯಾದರೋ ತಟ್ಟುತ್ತದೆ. ಆದರೆ ಭೂಮಿಯನ್ನು ಮರೆಯುತ್ತದೆ. ಒಂದರಲ್ಲಿ ‘ಹೀಗಾಗುತ್ತಿದೆ’ ಎಂಬ ಎಚ್ಚರ. ಇನ್ನೊಂದರಲ್ಲಿ ‘ಹಾಗಾಗಬಹುದಿತ್ತು’ ಎಂಬ ಕಲ್ಪನೆ. ಎರಡನ್ನೂ ಹೊಸೆದರೆ ಮೂರನೆಯ ಎಳೆ ಹುಟ್ಟುತ್ತದೆ: ಇನ್ನೂ ಬೇರೆಯಾಗಬಹುದು. ಗಂಗಾಧರಪಂತರ ಕವಲು 1761ರಲ್ಲಿ ಮುಗಿದುಹೋಯಿತು. ಆದರೆ ಕವಲುಗಳು ಹಿಂದೆ ಮಾತ್ರ ಇದ್ದವೆಂದು ಯಾರು ಹೇಳಿದರು? ನಾವು ನಿಂತಿರುವುದೂ ಒಂದು ಕವಲಿನಲ್ಲಿಯೇ.

ಹಿಂದಿನ ಬೆಂಚಿನ ಹುಡುಗನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಇಂದು ಕೇಳಿದರೆ ಹೀಗೆ ಹೇಳಿಯೇನು. ದೂರದ ಗ್ರಹಕ್ಕೆ ಹೋಗುವುದು ಆಗದ ಮಾತು. ಪಕ್ಕದ ಲೋಕಕ್ಕಂತೂ ದಾರಿಯೇ ಇಲ್ಲ. ಆದರೂ ಎರಡನ್ನೂ ನೆನೆಯಬೇಕು. ಹೊರಟು ಹೋಗುವುದಕ್ಕೆ ಅಲ್ಲ, ತಿರುಗಿ ನೋಡುವುದಕ್ಕೆ. ಪಾಲ್ಖಿವಾಲಾರು ಜಾಂಬಿಯಾದ ಲುಸಾಕಾದ ಮೃಗಾಲಯದ ಒಂದು ಪಂಜರವನ್ನು ನೆನೆಯುತ್ತಾರೆ. ಲೋಕದ ಅತ್ಯಂತ ಅಪಾಯಕಾರಿ ಪ್ರಾಣಿ ಎಂಬ ಫಲಕವನ್ನು ಓದಿ ಒಳಗೆ ಇಣುಕಿದವನಿಗೆ ಅಲ್ಲಿ ಕಾಣುವುದು ಒಂದು ಕನ್ನಡಿ. ಪಕ್ಕದ ಲೋಕದ ಒಳ್ಳೆಯ ಕಥೆಯೂ ಅಂಥದೇ ಪಂಜರ. ಬೇರೆ ಭೂಮಿಯನ್ನು ನೋಡಲೆಂದು ಇಣುಕಿದವನಿಗೆ ಕಾಣಬೇಕಾದದ್ದು ಈ ಭೂಮಿ, ಮತ್ತು ಅದರ ಮೇಲೆ ನಿಂತ ತಾನು.